ಮೈಸೂರಿನ ಒಂದು ಮಕ್ಕಳ ಥೆರಪಿ ಕೇಂದ್ರ: ಸಿದ್ಧಾಂತ ಎಲ್ಲಿ ಒದಗಿತು, ಎಲ್ಲಿ ಕೈಕೊಟ್ಟಿತು

ಮೈಸೂರಿನ ಹಲವು ಬಡಾವಣೆಗಳಲ್ಲಿ ಈಗ ಮಕ್ಕಳ ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಯ ಕೇಂದ್ರಗಳ ಫಲಕಗಳು ಕಾಣಿಸುತ್ತವೆ. ಅಂಥ ಒಂದು ಕೇಂದ್ರಕ್ಕೆ ಒಂದನೇ ತರಗತಿಯಲ್ಲಿ ಓದುವ ನನ್ನ ಮಗನನ್ನು ಕೆಲವು ತಿಂಗಳು ಕರೆದೊಯ್ದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನೂ ಅಲ್ಲಿಯವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಆದರೂ ಇಲ್ಲಿ ಹೇಳಿರುವ ವಿಷಯಗಳನ್ನು ಮುಂದಿಟ್ಟುಕೊಂಡು ಯಾವ ಊರಿನ ಯಾವ ಕೇಂದ್ರವನ್ನಾದರೂ ಪೋಷಕರು ತೂಗಿ ನೋಡಬಹುದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಡಿ.ಎಡ್. ಓದುವಾಗಲೂ ಆಮೇಲೆ ಟಿಇಟಿ ಪರೀಕ್ಷೆಗೆ ಕೂತಾಗಲೂ ಮಕ್ಕಳ ಬೆಳವಣಿಗೆಯ ಬಗ್ಗೆ ಸಿದ್ಧಾಂತ ಕಟ್ಟಿದ ಪಿಯಾಜೆ, ವೈಗಾಟ್‌ಸ್ಕಿ, ಎರಿಕ್‌ಸನ್ ಎಂಬ ಹೆಸರುಗಳನ್ನು ‘ಹೊಂದಿಸಿ ಬರೆಯಿರಿ’ ಪ್ರಶ್ನೆಗಳಿಗಾಗಿ ಬಾಯಿಪಾಠ ಮಾಡಿದವಳು. ಆ ಸಿದ್ಧಾಂತಗಳು ಒಂದು ಕೋಣೆಯಲ್ಲಿ, ಒಂದು ಮಗುವಿನ ಕೈಬೆರಳುಗಳ ಮೇಲೆ ಹೇಗೆ ಕೆಲಸ ಮಾಡುತ್ತವೆ, ಅಥವಾ ಮಾಡುವುದಿಲ್ಲ, ಎಂಬುದನ್ನು ನೋಡುವ ಅವಕಾಶ ಈ ಕೇಂದ್ರದಲ್ಲಿ ಸಿಕ್ಕಿತು. ಆದ್ದರಿಂದ ಅಲ್ಲಿಯ ಗೋಡೆಯ ಬಣ್ಣ, ಆಟಿಕೆಗಳ ರಾಶಿ, ಸಿಬ್ಬಂದಿಯ ನಗುಮುಖ ಇವುಗಳಿಗಿಂತ, ಮಾಡಿಸುತ್ತಿರುವ ಪ್ರತಿಯೊಂದು ಚಟುವಟಿಕೆಯ ಹಿಂದೆ ಮಗು ಹೇಗೆ ಬೆಳೆಯುತ್ತದೆ ಎಂಬ ಯಾವ ತಿಳಿವಳಿಕೆ ಇದೆ, ಆ ತಿಳಿವಳಿಕೆ ಈ ಮಗುವಿಗೆ ಹೊಂದದಿದ್ದಾಗ ಅದನ್ನು ಬದಲಿಸುವ ಮನಸ್ಸು ಅವರಿಗಿದೆಯೇ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದ್ದೇನೆ.

ನನ್ನ ಮಗನ ತೊಂದರೆ ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ. ಮಾತು ಚುರುಕು, ಲೆಕ್ಕ ಚೆನ್ನಾಗಿ ಬರುತ್ತದೆ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ, ಸಮತಟ್ಟಾದ ನೆಲದಲ್ಲೂ ಎಡವುತ್ತಾನೆ, ಬರೆದ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಅನ್ನ ಸಾರು ಕಲಸಿ ತಿನ್ನುವಷ್ಟರಲ್ಲಿ ತಟ್ಟೆಯ ಸುತ್ತ ಅರ್ಧ ಊಟ ಚೆಲ್ಲಿರುತ್ತದೆ. ಮಕ್ಕಳ ವೈದ್ಯರು ಪರೀಕ್ಷಿಸಿ, ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂಬ, ಚಿಕ್ಕದಾಗಿ ಡಿಸಿಡಿ ಎಂದು ಕರೆಯುವ, ಕೈಕಾಲುಗಳ ಚಲನೆಯನ್ನು ಹೊಂದಿಸಿಕೊಳ್ಳಲು ಕಷ್ಟವಾಗುವ ಸ್ಥಿತಿ ಇರಬಹುದೆಂದು ಹೇಳಿ ಥೆರಪಿಗೆ ಕಳುಹಿಸಿದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಅಂದರೆ ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬರೋ ಇಬ್ಬರೋ ಇರಲು ಸಾಧ್ಯ. ‘ಸೋಮಾರಿ’, ‘ಗಮನ ಕೊಡಲ್ಲ’ ಎಂಬ ಷರಾದೊಂದಿಗೆ ಅಂಥ ಮಕ್ಕಳನ್ನು ಮುಂದಿನ ತರಗತಿಗೆ ದಾಟಿಸುವುದು ನಮ್ಮ ಶಾಲೆಗಳಲ್ಲಿ ಹೊಸದೇನಲ್ಲ.

ಕೇಂದ್ರ ಒಂದು ಮನೆಯ ಮೊದಲ ಮಹಡಿಯಲ್ಲಿದೆ. ಒಂದು ಸೆಷನ್ 45 ನಿಮಿಷ, ಶುಲ್ಕ 700 ರೂಪಾಯಿ. ಮುಖ್ಯಸ್ಥೆಯಾಗಿರುವ ಹಿರಿಯ ಥೆರಪಿಸ್ಟ್ ಒಬ್ಬರು, ಅವರ ಕೈಕೆಳಗೆ ಇಬ್ಬರು ಕಿರಿಯರು. ಮೊದಲ ಭೇಟಿಯಲ್ಲಿ ಮೌಲ್ಯಮಾಪನ ನಡೆಯಿತು, ಮತ್ತು ಅದನ್ನು ಅವಸರವಿಲ್ಲದೆ ಮಾಡಿದರು ಎಂಬುದನ್ನು ಮೊದಲೇ ಹೇಳಬೇಕು. ಮೂವ್‌ಮೆಂಟ್ ಎಬಿಸಿ ಎಂಬ ಪರೀಕ್ಷೆಯನ್ನು ಬಳಸಿದರು. ಅದರ ಎರಡನೇ ಆವೃತ್ತಿ 3ರಿಂದ 16 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಕೈಚಳಕ, ಗುರಿಯಿಟ್ಟು ಎಸೆಯುವುದು ಮತ್ತು ಹಿಡಿಯುವುದು, ದೇಹದ ಸಮತೋಲ ಎಂಬ ಮೂರು ಭಾಗಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನ ಐದರೊಳಗೆ ಬರುವ ಮಗುವಿಗೆ ಗಣನೀಯ ತೊಂದರೆ ಇದೆ ಎಂದೂ, ಹದಿನೈದರೊಳಗೆ ಬಂದರೆ ನಿಗಾ ಇಡಬೇಕು ಎಂದೂ ಅದರ ಲೆಕ್ಕ. ನನ್ನ ಮಗ ಕೈಚಳಕದಲ್ಲಿ ಮೊದಲ ಗುಂಪಿಗೆ ಬಂದ, ಸಮತೋಲದಲ್ಲಿ ಎರಡನೆಯದಕ್ಕೆ. ಈ ಪರೀಕ್ಷೆಯ ಮಾನದಂಡಗಳು ಬ್ರಿಟನ್ನಿನ ಮಕ್ಕಳ ಮೇಲೆ ರೂಪುಗೊಂಡವು, ಆದ್ದರಿಂದ ಅಂಕಿಗಳನ್ನು ಕಲ್ಲಿನ ಮೇಲಿನ ಬರಹವೆಂದು ತಿಳಿಯಬೇಡಿ ಎಂದು ಹಿರಿಯ ಥೆರಪಿಸ್ಟ್ ತಾವಾಗಿಯೇ ಹೇಳಿದರು. ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಅಲ್ಲಿಂದ.

ಅದೇ ಎಚ್ಚರ ಕೇಂದ್ರದವರೇ ತಯಾರಿಸಿಕೊಂಡಿದ್ದ ಮನೆಗೆಲಸದ ಪಟ್ಟಿಯಲ್ಲಿ ಇರಲಿಲ್ಲ. ಚಮಚ ಮತ್ತು ಫೋರ್ಕ್ ಬಳಸುತ್ತಾನೆಯೇ, ಶೂ ಲೇಸ್ ಕಟ್ಟುತ್ತಾನೆಯೇ, ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತಾನೆಯೇ ಎಂದೆಲ್ಲ ಇಂಗ್ಲಿಷಿನಲ್ಲಿ ಕೇಳಿದ್ದರು. ಅನ್ನ ಕಲಸಿ ಬಾಯಿಗಿಡುವುದು, ಒಂದೇ ಕೈಯಲ್ಲಿ ಚಪಾತಿ ಹರಿಯುವುದು, ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಎತ್ತಿ ತಲೆಯ ಮೇಲೆ ಹೊಯ್ದುಕೊಳ್ಳುವುದು, ಇವೊಂದೂ ಅದರಲ್ಲಿ ಇರಲಿಲ್ಲ. ಒಂದೇ ಕೈಯಲ್ಲಿ ಚಪಾತಿ ಹರಿಯಲು ಎರಡು ಬೆರಳು ಒತ್ತಿ ಹಿಡಿದಿರಬೇಕು, ಉಳಿದವು ಎಳೆಯಬೇಕು. ಒಂದೇ ಅಂಗೈಯೊಳಗೆ ಎರಡು ಕೆಲಸಗಳನ್ನು ಬೇರ್ಪಡಿಸುವ ಈ ಸಾಮರ್ಥ್ಯವೇ ಮುಂದೆ ಪೆನ್ಸಿಲ್ ಹಿಡಿತಕ್ಕೂ ಬೇಕಾಗುವುದು. ನಮ್ಮ ಅಡುಗೆಮನೆಯಲ್ಲಿ ದಿನಕ್ಕೆ ಮೂರು ಹೊತ್ತು ನಡೆಯುವ ಪರೀಕ್ಷೆಯನ್ನು ಬಿಟ್ಟು ಫೋರ್ಕಿನ ಬಗ್ಗೆ ಕೇಳುವುದರಲ್ಲಿ ಅರ್ಥವಿಲ್ಲ ಎಂದು ಹೇಳಿದಾಗ ಅವರು ಪಟ್ಟಿಯ ಅಂಚಿನಲ್ಲಿ ಬರೆದುಕೊಂಡರು. ಮುದ್ರಿತ ಪಟ್ಟಿ ಮಾತ್ರ ನಾನು ಕಂಡಷ್ಟು ಕಾಲ ಹಾಗೆಯೇ ಉಳಿದಿತ್ತು.

ಮೊದಲ ಕೆಲವು ವಾರಗಳ ಥೆರಪಿ ಈ ವಿಮರ್ಶೆಯ ಕಹಿ ಭಾಗ. ಮಗನನ್ನು ಕಿರಿಯ ಥೆರಪಿಸ್ಟರಿಗೆ ಒಪ್ಪಿಸಿದರು. ಅವರು ಪ್ರತಿ ಬಾರಿಯೂ ‘ಸೆನ್ಸರಿ ರೂಮ್’ ಎಂದು ಕರೆಯುವ ಕೋಣೆಗೆ ಕರೆದೊಯ್ದರು. ಅಲ್ಲಿ ಚಾವಣಿಯಿಂದ ನೇತುಬಿಟ್ಟ ಜೋಕಾಲಿ, ಚೆಂಡುಗಳ ತೊಟ್ಟಿ, ದೊಡ್ಡ ರಬ್ಬರ್ ಗೋಳ, ಮೃದುವಾದ ಬ್ರಷ್ಷುಗಳು, ತೂಕ ತುಂಬಿದ ಜಾಕೆಟ್ ಇದ್ದವು. ಮಗ ಕುಣಿದಾಡಿದ, ನಿಜ. ಜೋಕಾಲಿಯಲ್ಲಿ ಅವನನ್ನು ಕೂರಿಸಿ ಅವರು ತೂಗಿದರು, ಆಮೇಲೆ ತೋಳುಗಳಿಗೆ ಬ್ರಷ್ ಸವರಿದರು, ಕೊನೆಗೆ ಹತ್ತು ನಿಮಿಷ ಅವನಿಂದ ಮಣಿ ಪೋಣಿಸುವ ಕೆಲಸ ಮಾಡಿಸಿದರು. ಗುಂಡಿಗೂ ಜೋಕಾಲಿಗೂ ಏನು ಸಂಬಂಧ ಎಂದು ಕೇಳಿದರೆ ‘ಮೊದಲು ಸೆನ್ಸರಿ ಸರಿಹೋಗ್ಬೇಕು ಮೇಡಂ, ಆಮೇಲೆ ಎಲ್ಲಾ ತಾನಾಗೇ ಬರುತ್ತೆ’ ಎಂಬುದೊಂದೇ ಉತ್ತರ.

ಆ ಉತ್ತರದ ಮೂಲ ಎ. ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟರಲ್ಲಿದೆ. 1920ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ಅವರು ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತ, ಸ್ಪರ್ಶ, ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು, ಒಳಕಿವಿಯಿಂದ ಸಿಗುವ ಸಮತೋಲದ ಅರಿವು ಇವು ಮಿದುಳಿನಲ್ಲಿ ಸರಿಯಾಗಿ ಹೆಣೆದುಕೊಂಡರೆ ಮಾತ್ರ ಮೇಲಿನ ಹಂತದ ಕಲಿಕೆಗೆ ನೆಲಗಟ್ಟು ಸಿಗುತ್ತದೆ ಎಂದು ವಾದಿಸಿದರು. ಅವರ ಮುಖ್ಯ ಪುಸ್ತಕ 1972ರಲ್ಲಿ ಬಂತು. ಮುಟ್ಟಿದರೆ ಬೆಚ್ಚಿಬೀಳುವ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ಅಳುವ, ಒಂದು ಕ್ಷಣ ನಿಲ್ಲದೆ ತಿರುಗುವ ಮಕ್ಕಳನ್ನು ‘ಹಟಮಾರಿ’ ಎನ್ನದೆ ಬೇರೆ ಕಣ್ಣಿನಿಂದ ನೋಡಲು ಲೋಕಕ್ಕೆ ಕಲಿಸಿದವರಲ್ಲಿ ಅವರು ಪ್ರಮುಖರು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಏರ್ಸ್ ಹೇಳಿದ ಥೆರಪಿಯಲ್ಲಿ ಆಟವನ್ನು ಮುಂದೊಯ್ಯುವುದು ಮಗು. ಥೆರಪಿಸ್ಟ್ ಸವಾಲನ್ನು ಮಗುವಿಗೆ ತಕ್ಕಷ್ಟೇ ಏರಿಸುತ್ತ ಇಳಿಸುತ್ತ ಹೋಗಬೇಕು. ಮಗುವನ್ನು ಸುಮ್ಮನೆ ಕೂರಿಸಿ ತೂಗುವುದಾಗಲಿ, ಗಡಿಯಾರ ನೋಡಿ ಬ್ರಷ್ ಸವರುವುದಾಗಲಿ ಅವರ ಸಿದ್ಧಾಂತಕ್ಕೆ ಸೇರುವುದಿಲ್ಲ. ಇನ್ನು ಫಲದ ವಿಷಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಈ ಬಗೆಯ ಥೆರಪಿಗಳ ಪರಿಣಾಮದ ಕುರಿತ ಸಂಶೋಧನೆ ಸೀಮಿತವಾಗಿದ್ದು ಖಚಿತ ತೀರ್ಮಾನಕ್ಕೆ ಸಾಲದು ಎಂಬುದನ್ನು ಪೋಷಕರಿಗೆ ತಿಳಿಸಬೇಕು ಎಂದಿತು. 2014ರಲ್ಲಿ ಪ್ರಕಟವಾದ, ಆಟಿಸಂ ಇರುವ 32 ಮಕ್ಕಳ ಅಧ್ಯಯನವೊಂದು ಏರ್ಸ್ ವಿಧಾನವನ್ನು ಕಟ್ಟುನಿಟ್ಟಾಗಿ ಪಾಲಿಸಿದಾಗ ಗುರಿ ತಲುಪುವುದರಲ್ಲಿ ಪ್ರಯೋಜನ ಕಂಡಿತು. 2022ರಲ್ಲಿ ಬ್ರಿಟನ್ನಿನಿಂದ ಬಂದ, 138 ಮಕ್ಕಳನ್ನು ಒಳಗೊಂಡ ದೊಡ್ಡ ಪ್ರಯೋಗ ಮಾಮೂಲಿ ಸೇವೆಗಿಂತ ಹೆಚ್ಚಿನ ಲಾಭವನ್ನು ಕಾಣಲಿಲ್ಲ. ಆಟಿಸಂನಲ್ಲೇ ಚಿತ್ರ ಹೀಗಿರುವಾಗ, ಡಿಸಿಡಿ ಇರುವ ಮಗುವಿಗೆ ಮೊದಲ ಮತ್ತು ಒಂದೇ ಮದ್ದಾಗಿ ಜೋಕಾಲಿಯನ್ನು ಕೊಡುವುದು ನನಗೆ ಸರಿಕಾಣಲಿಲ್ಲ. ಡಿಸಿಡಿಯ ಕುರಿತು 2019ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಮಗು ಮಾಡಬೇಕಾದ ಕೆಲಸವನ್ನೇ ನೇರವಾಗಿ ಕಲಿಸುವ ವಿಧಾನಗಳನ್ನು ಶಿಫಾರಸು ಮಾಡುತ್ತದೆ.

ಈ ಮಾತನ್ನು ಹಿರಿಯ ಥೆರಪಿಸ್ಟರ ಮುಂದಿಟ್ಟೆ. ಬೇರೆ ಕೇಂದ್ರವಾಗಿದ್ದರೆ ‘ನೀವು ಇಂಟರ್ನೆಟ್ ಓದಿ ಬಂದಿದ್ದೀರಿ’ ಎಂದು ಮುಖ ತಿರುಗಿಸಿಬಿಡುತ್ತಿದ್ದರೋ ಏನೋ. ಇವರು ಕಡತ ತೆಗೆದು ನೋಡಿ, ಆಟಿಸಂ ಇರುವ ಮಕ್ಕಳಿಗೆಂದು ಮಾಡಿದ ಯೋಜನೆಯನ್ನೇ ನನ್ನ ಮಗನಿಗೂ ಹಾಕಲಾಗಿದೆ ಎಂದು ಒಪ್ಪಿಕೊಂಡು, ಮುಂದಿನ ಸೆಷನ್‌ಗಳನ್ನು ತಾವೇ ವಹಿಸಿಕೊಂಡರು. ಈ ಕೇಂದ್ರಕ್ಕೆ ನಾನು ಕೊಡುವ ಅಂಕಗಳಲ್ಲಿ ದೊಡ್ಡ ಪಾಲು ಆ ಒಂದು ಸಂಜೆಗೆ ಸಲ್ಲುತ್ತದೆ. ಕಹಿ ಏನೆಂದರೆ, ಕೇಳದೆ ಸುಮ್ಮನಿರುವ ಪೋಷಕರ ಮಕ್ಕಳು ಆ ಕೋಣೆಯಲ್ಲೇ ತೂಗಿಸಿಕೊಳ್ಳುತ್ತ ಇರುತ್ತಾರೆ, ಪ್ರತಿ 45 ನಿಮಿಷಕ್ಕೆ 700 ರೂಪಾಯಿ ಕೊಟ್ಟು.

ಹೊಸ ಯೋಜನೆ ಆರಂಭವಾದದ್ದು ಪ್ರಶ್ನೆಗಳಿಂದ. ಕೆನಡಾದಲ್ಲಿ ರೂಪುಗೊಂಡು 1991ರಲ್ಲಿ ಮೊದಲ ಬಾರಿ ಪ್ರಕಟವಾದ ಸಿಒಪಿಎಂ ಎಂಬ ಸಂದರ್ಶನ ಕ್ರಮವನ್ನು ಅವರು ಬಳಸಿದರು. ದಿನನಿತ್ಯದ ಯಾವ ಕೆಲಸಗಳು ಕಷ್ಟವಾಗಿವೆ ಎಂದು ಕೇಳಿ, ಮುಖ್ಯವಾದವುಗಳನ್ನು ಆರಿಸಿ, ಈಗ ಎಷ್ಟು ಚೆನ್ನಾಗಿ ಮಾಡುತ್ತೀರಿ, ಅದರ ಬಗ್ಗೆ ಎಷ್ಟು ಸಮಾಧಾನವಿದೆ ಎಂದು 1ರಿಂದ 10ರವರೆಗೆ ಅಂಕ ಕೊಡಿಸುವುದು ಅದರ ಪದ್ಧತಿ. ಮುಂದೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ 2 ಅಂಕ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಅರ್ಥಪೂರ್ಣ ಬದಲಾವಣೆ ಎಂದು ಎಣಿಸುತ್ತಾರೆ. ನಾನು ಬರವಣಿಗೆ ಎಂದೆ. ನನ್ನ ಅತ್ತೆ ಊಟ ಎಂದರು. ಮಗನನ್ನು ಕೇಳಿದಾಗ ಅವನು ಸ್ವಲ್ಪವೂ ತಡವರಿಸದೆ ‘ಸೈಕಲ್’ ಎಂದ, ಆಮೇಲೆ ಮೆಲ್ಲಗೆ ‘ಗುಂಡಿ’ ಎಂದ. ಪಿ.ಟಿ. ದಿನ ಬಿಳಿ ಅಂಗಿ ಬದಲಿಸುವಾಗ ಪಕ್ಕದ ಹುಡುಗ ಅವನ ಗುಂಡಿ ಹಾಕಿಕೊಡುತ್ತಿದ್ದನಂತೆ. ಅದೇ ಊರಿನ ಶಾಲೆಗಳಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ವಿಷಯ ಗೊತ್ತಾದದ್ದು ಥೆರಪಿ ಕೋಣೆಯಲ್ಲಿ. ಅವನ ಗುರಿಗಳನ್ನೇ ಮೊದಲಿಗೆ ಇಟ್ಟರು, ನಮ್ಮವನ್ನು ನಂತರಕ್ಕೆ. ಮಗು ತಾನೇ ಬಯಸಿದ ಕೆಲಸದಲ್ಲಿ ಎಷ್ಟು ಹೊತ್ತು ಬೇಕಾದರೂ ತೊಡಗಬಲ್ಲದು ಎಂಬ ಸಾಮಾನ್ಯ ತಿಳಿವಳಿಕೆಗೆ ಇಷ್ಟು ಶಿಸ್ತಾದ ರೂಪ ಕೊಟ್ಟಿರುವುದು ನನಗೆ ಹಿಡಿಸಿತು.

ಗುಂಡಿ ಹಾಕುವುದನ್ನು ಕಲಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಥೆರಪಿಸ್ಟ್ ಮಗನ ಎದುರು ಕೂರಲಿಲ್ಲ, ಪಕ್ಕದಲ್ಲಿ ಅವನ ದಿಕ್ಕಿಗೇ ಮುಖ ಮಾಡಿ ಕೂತರು. ಎದುರು ಕೂತು ತೋರಿಸಿದರೆ ಎಡ ಬಲವನ್ನು ಮಗು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕಾಗುತ್ತದೆ. ಆರೇಳು ವರ್ಷದವರೆಗಿನ ಮಕ್ಕಳಿಗೆ ಇನ್ನೊಬ್ಬರು ನಿಂತ ಕಡೆಯಿಂದ ವಸ್ತು ಹೇಗೆ ಕಾಣುತ್ತದೆ ಎಂದು ಊಹಿಸುವುದು ಕಷ್ಟ ಎಂದು ಪಿಯಾಜೆ ಮೂರು ಬೆಟ್ಟಗಳ ಮಾದರಿಯನ್ನು ಮೇಜಿನ ಮೇಲಿಟ್ಟು ತೋರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಓದಿಯೂ ಕಪ್ಪುಹಲಗೆಯ ಮುಂದೆ ಮಕ್ಕಳಿಗೆ ಎದುರಾಗಿಯೇ ನಿಂತು ಕೈ ಆಡಿಸುತ್ತೇವೆ, ಅದು ಬೇರೆ ಮಾತು. ದೊಡ್ಡ ಗುಂಡಿಗಳಿದ್ದ ಹಳೆಯ ಅಂಗಿಯೊಂದನ್ನು ಅವನ ತೊಡೆಯ ಮೇಲೆ ಹಾಸಿ, ‘ನಾವೇನು ಮಾಡ್ಬೇಕು ಪುಟ್ಟಾ?’ ಎಂದು ಕೇಳಿದರು. ‘ಗುಂಡಿ ಹಾಕ್ಬೇಕು.’ ‘ಹೇಗೆ ಹಾಕೋಣ ಹೇಳು.’ ‘ತಳ್ಬೇಕು.’ ತಳ್ಳಿದ, ಗುಂಡಿ ಕಾಜದ ಮೇಲೆ ಚಪ್ಪಟೆಯಾಗಿ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ಅವರು ಕೈ ಹಿಡಿದು ಮಾಡಿಸಲಿಲ್ಲ, ಸರಿಯಾದ ವಿಧಾನವನ್ನೂ ಹೇಳಲಿಲ್ಲ. ‘ತಳ್ಳಿದ್ವಿ, ಹೋಯ್ತಾ? ಯಾಕೆ ಹೋಗ್ಲಿಲ್ಲ, ನೋಡು’ ಎಂದಷ್ಟೇ ಕೇಳಿ ಕಾದರು. ಕಾಜದ ಸೀಳನ್ನೂ ಗುಂಡಿಯನ್ನೂ ಮಗ ಬಹಳ ಹೊತ್ತು ನೋಡಿದ. ಆಮೇಲೆ ಗುಂಡಿಯನ್ನು ಅಂಚಿನ ಮೇಲೆ ನಿಲ್ಲಿಸಿ, ‘ಹೀಗೆ ಓರೆ ಮಾಡಿದ್ರೆ ತೂರುತ್ತೆ’ ಎಂದ. ಆಗ ಥೆರಪಿಸ್ಟ್ ಬಟ್ಟೆಯ ಇನ್ನೊಂದು ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು; ಗುಂಡಿ ಅರ್ಧ ತೂರಿತು, ಆಚೆಯಿಂದ ಅವನೇ ಎಳೆದ. ಮುಂದಿನ ಸೆಷನ್‌ಗಳಲ್ಲಿ ಬಟ್ಟೆ ಹಿಡಿಯುವುದನ್ನು ಒಂದೊಂದೇ ಗುಂಡಿಗೆ ಬಿಟ್ಟರು, ದೊಡ್ಡ ಗುಂಡಿಗಳು ಚಿಕ್ಕವಾದವು, ತೊಡೆಯ ಮೇಲಿದ್ದ ಅಂಗಿ ಮೈಮೇಲೆ ಬಂತು, ಕಣ್ಣಿಗೆ ಕಾಣುವ ಕೆಳಗಿನ ಗುಂಡಿಯಿಂದ ಶುರುವಾಗಿ ಕಾಣದ ಕತ್ತಿನ ಗುಂಡಿಯ ಕಡೆಗೆ ಏರಿತು.

ಈ ನಾಲ್ಕು ಮೆಟ್ಟಿಲುಗಳ ವಿಧಾನಕ್ಕೆ, ಅಂದರೆ ಗುರಿ, ಯೋಜನೆ, ಮಾಡುವುದು, ಪರಿಶೀಲಿಸುವುದು ಎಂಬ ಕ್ರಮಕ್ಕೆ ಕೋ-ಆಪ್ ಎಂಬ ಹೆಸರಿದೆ. ಕೆನಡಾದ ಹೆಲೆನ್ ಪೊಲಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ಇದನ್ನು ಡಿಸಿಡಿ ಇರುವ ಮಕ್ಕಳಿಗಾಗಿಯೇ ಬೆಳೆಸಿದರು. ಇದರ ಬೇರುಗಳಲ್ಲಿ ಒಂದು ವೈಗಾಟ್‌ಸ್ಕಿಯವರೆಗೆ ಹೋಗುತ್ತದೆ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿ, 37ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ಆ ರಷ್ಯನ್ ವಿದ್ವಾಂಸರ ಪ್ರಕಾರ, ಮಗು ತಾನೊಂದೇ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಇರುವ ವಲಯದಲ್ಲಿ ಕಲಿಕೆ ನಡೆಯುತ್ತದೆ. ಮಗು ತನ್ನಷ್ಟಕ್ಕೆ ಗಟ್ಟಿಯಾಗಿ ಆಡಿಕೊಳ್ಳುವ ಮಾತು ಕ್ರಮೇಣ ಒಳಗಿನ ಯೋಚನೆಯಾಗುತ್ತದೆ. ಕಟ್ಟಡದ ಸಾರುವೆಯಂತೆ ಬೇಕಾದಷ್ಟು ಕಾಲ ಆಸರೆ ಕೊಟ್ಟು ಆಮೇಲೆ ಬಿಚ್ಚಿಬಿಡುವ ಕ್ರಮವನ್ನು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಮನೋವಿಜ್ಞಾನಿಗಳು ವಿವರಿಸಿದರು. ಸ್ನಾನದ ನಂತರ ಕನ್ನಡಿಯ ಮುಂದೆ ‘ಓರೆ ಮಾಡು, ತೂರಿಸು, ಎಳಿ’ ಎಂದು ಮಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಗ, ಟಿಇಟಿಗೆ ಓದಿದ ಒಂದಂಕದ ಉತ್ತರ ನಮ್ಮ ಮನೆಯೊಳಗೆ ಓಡಾಡುತ್ತಿದೆ ಎನ್ನಿಸಿತು. ಈ ವಿಧಾನದ ಮಿತಿಯನ್ನೂ ಹಿರಿಯ ಥೆರಪಿಸ್ಟ್ ಹೇಳಿದರು: ಮಾತಿನಲ್ಲಿ ಯೋಚಿಸಿ ಉತ್ತರಿಸಬಲ್ಲ ಮಕ್ಕಳಿಗೆ ಇದು ಹೊಂದುತ್ತದೆ, ತೀರ ಚಿಕ್ಕವರಿಗೂ ಮಾತು ಬಾರದವರಿಗೂ ಬೇರೆ ದಾರಿ ಹುಡುಕಬೇಕು.

ಸೈಕಲ್ಲಿನ ಕತೆಗೆ ಬೇರೊಂದು ಸಿದ್ಧಾಂತ ಬೇಕಾಯಿತು. ನಮ್ಮ ಕಡೆ ‘ವಯಸ್ಸಾದಂತೆ ತಾನೇ ಬರುತ್ತೆ ಬಿಡು’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ, ಮತ್ತು ಅವರು ತಿಳಿಯದೆಯೇ ಆರ್ನಾಲ್ಡ್ ಗೆಸೆಲ್ ಅವರ ಪಕ್ಷದವರು. ಅಮೆರಿಕದ ಯೇಲ್‌ನಲ್ಲಿ ಮಕ್ಕಳ ಚಲನೆಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದು ಅಧ್ಯಯನ ಮಾಡಿದ ಗೆಸೆಲ್, ಬೆಳವಣಿಗೆ ಮುಖ್ಯವಾಗಿ ಒಳಗಿನ ಪಕ್ವತೆಯಿಂದ, ನಿಗದಿಯಾದ ಕ್ರಮದಲ್ಲಿ ನಡೆಯುತ್ತದೆ ಎಂದವರು. ಲಸಿಕೆ ಕಾರ್ಡಿನ ಪಕ್ಕದಲ್ಲಿ ಕಾಣುವ ಮೈಲಿಗಲ್ಲುಗಳ ಪಟ್ಟಿಗಳಿಗೆ ಅವರ ಋಣ ದೊಡ್ಡದು. ಆ ಪಟ್ಟಿಗಳನ್ನು ತೀರ ಬಿಗಿಯಾಗಿ ಹಿಡಿಯಬಾರದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಧ್ಯಯನವೇ ಸಾಕ್ಷಿ. ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳಲ್ಲಿ, ಆಸರೆಯಿಲ್ಲದೆ ನಡೆಯಲು ಆರಂಭಿಸುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು, ಶೇಕಡಾ 4.3ರಷ್ಟು ಮಕ್ಕಳು ಅಂಗೈ ಮೊಣಕಾಲೂರಿ ಅಂಬೆಗಾಲಿಡಲೇ ಇಲ್ಲ. ಕಾಯುವುದೊಂದೇ ದಾರಿಯೇ ಎಂಬ ಪ್ರಶ್ನೆಗೆ ಅಮೆರಿಕದ ಮನೋವಿಜ್ಞಾನಿ ಎಸ್ತರ್ ಥೀಲನ್ ಕೊಟ್ಟ ಉತ್ತರ ಸೊಗಸಾಗಿದೆ. ನವಜಾತ ಶಿಶುವನ್ನು ಎತ್ತಿ ನಿಲ್ಲಿಸಿದರೆ ಕಾಲನ್ನು ಹೆಜ್ಜೆಯಂತೆ ಆಡಿಸುತ್ತದೆ, ಕೆಲವು ವಾರಗಳಲ್ಲಿ ಅದು ನಿಂತುಹೋಗುತ್ತದೆ. ಮಿದುಳು ಬೆಳೆದಂತೆ ಅದು ಅಡಗುತ್ತದೆ ಎಂದು ಹಿಂದಿನವರು ನಂಬಿದ್ದರು. ಥೀಲನ್ ಮತ್ತು ಅವರ ಸಂಗಡಿಗರು ಅಂಥ ಶಿಶುಗಳ ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟಾಗ ಹೆಜ್ಜೆ ಮತ್ತೆ ಕಾಣಿಸಿಕೊಂಡಿತು. ಕೊಬ್ಬು ತುಂಬಿ ಕಾಲು ಭಾರವಾಗಿತ್ತು, ಎತ್ತುವ ಬಲ ಇನ್ನೂ ಬಂದಿರಲಿಲ್ಲ, ಅಷ್ಟೇ. ದೇಹ, ಕೆಲಸ, ಪರಿಸರ ಈ ಮೂರೂ ಕೂಡಿದಾಗ ಚಲನೆ ಹುಟ್ಟುತ್ತದೆ, ಆದ್ದರಿಂದ ದೇಹ ಬದಲಾಗುವವರೆಗೆ ಕಾಯದೆ ಉಳಿದೆರಡನ್ನು ಬದಲಿಸಬಹುದು ಎಂಬ ಚಿಂತನೆ ಹೀಗೆ ಬಲಗೊಂಡಿತು.

ಕೇಂದ್ರದಲ್ಲಿ ಇದು ಹೇಗೆ ಕಂಡಿತೆಂದರೆ, ಸೈಕಲ್ಲಿನ ಪಕ್ಕದ ಚಿಕ್ಕ ಚಕ್ರಗಳನ್ನು ತೆಗೆಸಿದರು, ಪೆಡಲ್‌ಗಳನ್ನೂ ಬಿಚ್ಚಿಸಿದರು, ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಸೀಟನ್ನು ಇಳಿಸಿದರು. ಮಗ ಕೆಳಮನೆಯ ಮುಂದಿನ ಇಳಿಜಾರಿನಲ್ಲಿ ಕಾಲಿನಿಂದ ನೂಕುತ್ತ ಜಾರತೊಡಗಿದ. ಸಮತೋಲವೂ ಪೆಡಲ್ ತುಳಿಯುವುದೂ ಒಟ್ಟಿಗೆ ಬೇಡುತ್ತಿದ್ದ ಕೆಲಸವನ್ನು ಹೀಗೆ ಎರಡಾಗಿ ಒಡೆದ ಮೇಲೆ, ಕಾಲೆತ್ತಿಕೊಂಡು ದೂರದವರೆಗೆ ಸಾಗುವುದು ರೂಢಿಯಾಯಿತು. ಪೆಡಲ್ ಮರಳಿ ಜೋಡಿಸಿದಾಗ ಅವನಿಗೆ ಅದು ದೊಡ್ಡ ಸಂಗತಿಯಾಗಲಿಲ್ಲ. ಮೇಜಿನ ಮುಂದೆಯೂ ಅದೇ ತರ್ಕ ನಡೆಯಿತು. ಕುರ್ಚಿಯಲ್ಲಿ ಕೂತರೆ ಅವನ ಕಾಲು ನೇತಾಡುತ್ತಿತ್ತು. ನೇತಾಡುವ ಕಾಲಿನ ಮಗು ದೇಹವನ್ನು ನಿಲ್ಲಿಸಿಕೊಳ್ಳಲಿಕ್ಕೇ ಅರ್ಧ ಶಕ್ತಿ ಕಳೆಯುತ್ತದೆ ಎಂದು ಹೇಳಿ, ಅಡುಗೆಮನೆಯ ಮಣೆಯಂಥ ಮರದ ಹಲಗೆಯೊಂದನ್ನು ಪಾದದ ಕೆಳಗಿಟ್ಟರು.

ಬರವಣಿಗೆಯಲ್ಲಿ ಮಾತ್ರ ಕೇಂದ್ರ ನನ್ನನ್ನು ನಿರಾಶೆಗೊಳಿಸಿತು. ಮಕ್ಕಳು ಸಾಮಾನ್ಯವಾಗಿ ಲಂಬ ಗೆರೆಯನ್ನೂ ಅಡ್ಡಗೆರೆಯನ್ನೂ ಮೊದಲು ನಕಲಿಸುತ್ತಾರೆ, 3 ವರ್ಷದ ಹೊತ್ತಿಗೆ ವೃತ್ತ, 4ರ ಸುಮಾರಿಗೆ ಕೂಡಿಸುವ ಚಿಹ್ನೆಯ ಆಕಾರ, ಆಮೇಲೆ ಚೌಕ, 5 ದಾಟಿದ ಮೇಲೆ ತ್ರಿಕೋನ ಬರುತ್ತದೆ. ಈ ಕ್ರಮ ಬೆಳವಣಿಗೆಗೆ ಸಂಬಂಧಿಸಿದ್ದು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದರ ಮೇಲೆ ಕಟ್ಟಿದ ಹಾಳೆಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಿಗಾಗಿ ಮಾಡಿದವು: ನೇರ ಗೆರೆಯ ಅಕ್ಷರಗಳು ಮೊದಲು, ಓರೆ ಗೆರೆಯವು ಆಮೇಲೆ. ಕನ್ನಡದ ಮಗುವಿಗೆ ಬೇಕಾಗುವುದು ಬಳುಕು, ಸುರುಳಿ, ತಲೆಕಟ್ಟು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗಳಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸುವುದರ ಹಿಂದೆ ಬರೆಯುವ ಕೈಯ ತಿಳಿವಳಿಕೆಯಿದೆ. ಒಂದು ಅಕ್ಷರದ ಬಳುಕು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಅಂದರೆ ಇದೇ ಮೈಸೂರು ಜಿಲ್ಲೆಯಲ್ಲಿ ಶುರುವಾದ ನಲಿಕಲಿಯ ಕಾರ್ಡುಗಳು ಮೈಸೂರಿನ ಥೆರಪಿ ಕೇಂದ್ರವೊಂದರ ಕಪಾಟಿನಲ್ಲಿ ಇಲ್ಲದಿರುವುದು ನನಗೆ ಅರ್ಥವಾಗದ ಸಂಗತಿ. ನಾನೇ ಶಾಲೆಯಿಂದ ಒಂದು ಕಟ್ಟು ತಂದುಕೊಟ್ಟೆ. ‘ಗ’ ಮತ್ತು ‘ಸ’ ಬರೆಯುವಾಗ ಮಗನ ಮಣಿಕಟ್ಟು ಎಲ್ಲಿ ಬಿಗಿಯಾಗುತ್ತದೆ ಎಂದು ಹಿರಿಯ ಥೆರಪಿಸ್ಟ್ ಆಸಕ್ತಿಯಿಂದ ಗಮನಿಸಿದರು. ಆದರೂ ಒಬ್ಬ ತಾಯಿ ಸಾಮಗ್ರಿ ಹೊತ್ತು ತರಬೇಕಾದ ಸ್ಥಿತಿ ಸೇವೆಯ ಕೊರತೆಯೇ. ಇನ್ನೊಂದು ತೊಡಕು: ಕೇಂದ್ರದಲ್ಲಿ ಕುರ್ಚಿ ಮೇಜಿನ ಮೇಲೆ ಕಲಿತ ಅಕ್ಷರ, ಶಾಲೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವಾಗ ಮತ್ತೆ ಗೆರೆ ಬಿಟ್ಟು ಓಡಿತು. ನೆಲದ ಮೇಲೂ ಅಭ್ಯಾಸ ಮಾಡಿಸಿ ಎಂದು ನಾನೇ ಹೇಳಬೇಕಾಯಿತು. ಪರಿಸರ ಬದಲಾದರೆ ಚಲನೆ ಬದಲಾಗುತ್ತದೆ ಎಂದು ನನಗೆ ಕಲಿಸಿದವರೇ ಅದನ್ನು ಮರೆತಿದ್ದರು.

ಊಟದ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ಬಹಳ ಚೆನ್ನಾಗಿತ್ತು. ನನ್ನ ಅತ್ತೆ ಮೊಮ್ಮಗನಿಗೆ ಈಗಲೂ ಕೈತುತ್ತು ಕೊಡುತ್ತಿದ್ದರು. ಇದನ್ನು ಕೇಳಿದೊಡನೆ ‘ಅದಕ್ಕೇ ಅವನು ಕಲಿತಿಲ್ಲ’ ಎಂದು ಅಜ್ಜಿಯ ಮೇಲೆ ಹೊರಿಸಿಬಿಡುವುದು ಸುಲಭವಿತ್ತು. ಥೆರಪಿಸ್ಟ್ ಅತ್ತೆಯನ್ನೇ ಒಮ್ಮೆ ಕರೆಸಿ, ‘ಅಮ್ಮಾ, ನೀವು ತಿನ್ನಿಸೋದನ್ನ ನಿಲ್ಲಿಸ್ಬೇಡಿ. ಕೊನೇ ಎರಡು ತುತ್ತು ಮಾತ್ರ ಅವನೇ ಕಲಸಿ ತಿನ್ನಲಿ’ ಎಂದರು. ಕೆಲಸದ ಕೊನೆಯ ಹೆಜ್ಜೆಯನ್ನು ಮೊದಲು ಮಗುವಿಗೆ ಬಿಟ್ಟು, ಹಿಂದಿನ ಹೆಜ್ಜೆಗಳನ್ನು ಒಂದೊಂದಾಗಿ ಸೇರಿಸುತ್ತ ಬರುವ ಈ ತಂತ್ರ, ಕಲಿಕೆಯನ್ನು ಅಭ್ಯಾಸ ಮತ್ತು ಪ್ರತಿಫಲದಿಂದ ವಿವರಿಸುವ ವರ್ತನಾವಾದದಿಂದ ಬಂದದ್ದು. ಆರಂಭದಲ್ಲೇ ಸೋಲುವ ಬದಲು ಮಗು ಪ್ರತಿ ಸಲವೂ ಮುಗಿಸಿದ ಸಂತೋಷದಲ್ಲಿ ಏಳುತ್ತದೆ. ಮೊದಲಿಗೆ ಕಲಸಿ ಗಟ್ಟಿಯಾಗುವ ಮೊಸರನ್ನ, ಆಮೇಲೆ ಹುಳಿಯನ್ನ, ಕಡೆಗೆ ತಿಳಿಸಾರಿನ ಅನ್ನ ಎಂಬ ಕ್ರಮವನ್ನು ಅತ್ತೆಯೇ ಸೂಚಿಸಿದರು, ಥೆರಪಿಸ್ಟ್ ಒಪ್ಪಿಕೊಂಡು ಬರೆದುಕೊಂಡರು. ಮಗುವಿನ ಸುತ್ತ ಮನೆ, ಶಾಲೆ, ಅವೆರಡರ ನಡುವಿನ ಸಂಬಂಧ, ಅದರಾಚೆಗೆ ತಂದೆತಾಯಿಯ ಕೆಲಸ, ಕಾನೂನು, ಸಂಸ್ಕೃತಿ ಹೀಗೆ ವಲಯಗಳು ಒಂದರೊಳಗೊಂದು ಇರುತ್ತವೆ ಎಂದು ಮನೋವಿಜ್ಞಾನಿ ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರಲ್ಲಿ ಬರೆದದ್ದರಲ್ಲಿ ಒಳಗಿನ ವಲಯವನ್ನು ಈ ಕೇಂದ್ರ ಚೆನ್ನಾಗಿ ಹಿಡಿದಿದೆ.

ಎರಡನೆಯ ವಲಯಕ್ಕೆ ಬಂದಾಗ ಕೈಬಿಟ್ಟಿತು. ಮಗನ ತರಗತಿಯ ಶಿಕ್ಷಕಿಗೆ ಒಂದು ಪತ್ರ ಬರೆದುಕೊಡಿ, ಸಾಧ್ಯವಾದರೆ ಒಮ್ಮೆ ಶಾಲೆಗೆ ಬಂದು ಅವನು ಕೂರುವ ಜಾಗ ನೋಡಿ ಎಂದು ಕೇಳಿದೆ. ಭೇಟಿ ಆಗುವುದಿಲ್ಲ ಎಂದರು. ಪತ್ರ ಬಂತು, ಇಂಗ್ಲಿಷಿನಲ್ಲಿ, ಅದೂ ಯಾವ ಮಗುವಿಗಾದರೂ ಹೊಂದುವಂಥ ವಾಕ್ಯಗಳಲ್ಲಿ. ‘ಸೂಕ್ಷ್ಮ ಚಲನಾ ಕೌಶಲ ಸುಧಾರಿಸುವುದು’ ಎಂಬುದು ಗುರಿಯಲ್ಲ, ‘ಪಿ.ಟಿ. ಅಂಗಿಯ ಐದೂ ಗುಂಡಿಗಳನ್ನು ನೆರವಿಲ್ಲದೆ ಹಾಕಿಕೊಳ್ಳುವುದು’ ಗುರಿ. ಕೋಣೆಯೊಳಗೆ ಎರಡನೆಯದನ್ನು ಮಾಡಿ ಕಾಗದದ ಮೇಲೆ ಮೊದಲನೆಯದನ್ನು ಬರೆಯುವುದೇಕೆ? ಎರಿಕ್‌ಸನ್ 6ರಿಂದ 12ರ ವಯಸ್ಸನ್ನು ಶ್ರಮಶೀಲತೆ ಮತ್ತು ಕೀಳರಿಮೆಗಳ ನಡುವಿನ ತಿಕ್ಕಾಟದ ಕಾಲ ಎಂದು ಗುರುತಿಸಿದ್ದನ್ನು ಇದೇ ಥೆರಪಿಸ್ಟ್ ನನಗೆ ನೆನಪಿಸಿದ್ದರು. ಆ ತಿಕ್ಕಾಟ ಬಹುಪಾಲು ನಡೆಯುವುದು ತರಗತಿಯಲ್ಲಿ, ಓರಗೆಯವರ ಕಣ್ಣೆದುರು. ಶಾಲೆಗೆ ಕಾಲಿಡದ ಥೆರಪಿ ಅಲ್ಲಿಗೆ ಮುಟ್ಟುವುದು ಕಷ್ಟ.

ಮಾಮೂಲಿ ವಿಷಯಗಳು: ಸಮಯಪಾಲನೆ ಚೆನ್ನಾಗಿದೆ, ಶುಚಿತ್ವಕ್ಕೆ ದೂರಿಲ್ಲ. ಪೋಷಕರಿಗೆ ಒಳಗೆ ಕೂರಲು ಬಿಡುತ್ತಾರೆ, ಬಿಡದ ಕೇಂದ್ರಕ್ಕೆ ನಾನಾದರೆ ಹೋಗುವುದಿಲ್ಲ. ಹಿರಿಯರು ರಜೆಯಲ್ಲಿದ್ದಾಗ ತಿಳಿಸದೆಯೇ ತರಬೇತಿಯಲ್ಲಿರುವ ವಿದ್ಯಾರ್ಥಿನಿಯನ್ನು ಕೂರಿಸಿದ್ದು ಸರಿಯಲ್ಲ, ಶುಲ್ಕವನ್ನಂತೂ ಪೂರ್ತಿ ಪಡೆದರು. ಆಕ್ಯುಪೇಷನಲ್ ಥೆರಪಿ ಹಲವು ವರ್ಷ ಓದಿ, ಇಂಟರ್ನ್‌ಶಿಪ್ ಮುಗಿಸಿ ಪಡೆಯುವ ಪದವಿ. ವೈದ್ಯಕೀಯಕ್ಕೆ ಪೂರಕವಾದ ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯ್ದೆಯ ವ್ಯಾಪ್ತಿಗೆ ಬಂದಿರುವ ವೃತ್ತಿ. ಅಲ್ಪಾವಧಿಯ ಕೋರ್ಸು ಮುಗಿಸಿ ‘ಥೆರಪಿಸ್ಟ್’ ಎಂದು ಹೇಳಿಕೊಳ್ಳುವವರು ಇರುವುದರಿಂದ, ಮಗುವಿನ ಜೊತೆ ಕೂರುವವರ ಪದವಿ ಯಾವುದೆಂದು ಸಂಕೋಚವಿಲ್ಲದೆ ಕೇಳಬೇಕು. ಖರ್ಚು ಭರಿಸಲಾಗದವರಿಗೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆಯಾದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ಪಡೆಯಬಹುದು, ಅದರಲ್ಲಿ ಥೆರಪಿಗೂ ಅವಕಾಶವಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಡಿಸಿಡಿಯ ಹೆಸರಿಲ್ಲ, ಅದಕ್ಕೆ ಹತ್ತಿರದ ಡಿಸ್‌ಪ್ರಾಕ್ಸಿಯಾ ಮಾತ್ರ ಕಲಿಕಾ ನ್ಯೂನತೆಗಳ ಅಡಿಯಲ್ಲಿ ಬಂದಿದೆ; ನಿರಾಮಯದ ಪಟ್ಟಿಯಲ್ಲಂತೂ ಡಿಸಿಡಿ ಇರುವ ಮಕ್ಕಳು ಇಲ್ಲ. ಅವರ ಪೋಷಕರು ಕೈಯಿಂದಲೇ ಕೊಡಬೇಕು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಅಂಕ. ಮಾತು ಬರುವ, ಶಾಲೆಗೆ ಹೋಗುವ, ನಿತ್ಯದ ಕೆಲಸಗಳಲ್ಲಿ ತೊಡರುವ ಮಗುವಾದರೆ ಹಿರಿಯ ಥೆರಪಿಸ್ಟರ ಕೈಗೇ ಒಪ್ಪಿಸುವಂತೆ ಕೇಳಿ ಸೇರಿಸಬಹುದು. ಗಾಲಿಕುರ್ಚಿ ಬಳಸುವ ಮಕ್ಕಳಿಗೆ ಈ ಕಟ್ಟಡ ಆಗದು, ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿವೆ. ಮೂರು ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಎಂದು ಮೊದಲ ದಿನವೇ ಹೇಳುತ್ತಾರೆ. ಮಗುವಿನ ಗುರಿಗಳು ಬರಹದಲ್ಲಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೈಸೇರುವವರೆಗೆ ಸೆಷನ್‌ಗೆ ಇಷ್ಟೆಂದು ಕೊಡುತ್ತಿರಿ. ಒತ್ತಾಯಿಸಿ ಕೇಳಿದರೆ ಅದಕ್ಕೂ ಒಪ್ಪುತ್ತಾರೆ.